ಉಕ್ತಲೇಖನದ ಕಂಡಕ್ಟರು

ಮಕ್ಕಳ ಹೋಂವರ್ಕಿಗೆ ಕೈಹಾಕುವ ಮನೆಮಂದಿಯಲ್ಲಿ ನಾನಾ ಜಾತಿಗಳಿವೆ. ರಾತ್ರಿ ಹತ್ತಕ್ಕೆ 'ನಾಳೆ ಥರ್ಮೋಕೋಲ್ ತರ್ಬೇಕಂತೆ' ಎಂಬ ಸುದ್ದಿ ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೋಗಿ ಅಂಗಡಿಯವನ ಮನೆ ಬಾಗಿಲು ಬಡಿಯುವ ಅಪ್ಪ ಒಂದು ಜಾತಿ. ಅಣ್ಣನ ಮಗನ ಪುಸ್ತಕದಲ್ಲಿ ತಾನೇ ನವಿಲು ಬರೆದು, 'ಎಡಗೈಲಿ ಬರ್ದಿದೀನಿ, ಮಿಸ್ಸಿಗೆ ಗೊತ್ತಾಗಲ್ಲ ಬಿಡು' ಎನ್ನುವ ಚಿಕ್ಕಪ್ಪ ಇನ್ನೊಂದು. ಇವರೆಲ್ಲ ನಿರುಪದ್ರವಿಗಳು. ಉಪದ್ರವ ಎಂದರೆ ಉಕ್ತಲೇಖನದ ತಾತ. ಹುಣಸೂರಿನ ನಮ್ಮ ಬೀದಿಯೊಂದರಲ್ಲೇ ಇಂಥವರು ಮೂವರಿದ್ದಾರೆ. ಅವರಲ್ಲಿ ಹಿರಿಯರು ನಮ್ಮ ಮನೆಯಲ್ಲೇ ಇದ್ದಾರೆ. ನನಗೆ ಹೆಣ್ಣು ಕೊಟ್ಟವರು. ಆದ್ದರಿಂದ ಬರೆಯುವಾಗ ಕೈ ತುಸು ಬಿಗಿ ಹಿಡಿಯಬೇಕಾಗಿದೆ.

ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನಿವೃತ್ತಿಯ ದಿನ ಚರ್ಮದ ಚೀಲ, ಟಿಕೆಟ್ ಮಷೀನು ಎಲ್ಲ ಹಿಂತಿರುಗಿಸಿ ಬಂದರು. ಸೀಟಿ ಮಾತ್ರ ಜೇಬಿನಲ್ಲೇ ಉಳಿಯಿತು. ಸಂಜೆ ಆರಕ್ಕೆ ಜಗಲಿಯಲ್ಲಿ ನನ್ನ ಮಗಳು ಪುಟ್ಟಿ ಎರಡು ಗೆರೆ ಪುಸ್ತಕ ತೆರೆದಳೆಂದರೆ ಮಡಿಕೇರಿ ಕಡೆಯ ಬಸ್ಸು ಹೊರಟಿತೆಂದೇ ಅರ್ಥ. 'ಇಲವಾಲ... ಬಿಳಿಕೆರೆ... ಹುಣಸೂರು... ಕಂಪಲಾಪುರ... ಪಿರಿಯಾಪಟ್ಟಣ... ಬೈಲಕುಪ್ಪೆ...' ಸರಿಯಾಗಿ ಬರೆದರೆ 'ರೈಟ್ ರೈಟ್'. ತಪ್ಪಿದರೆ ಸೀಟಿ. ಸೀಟಿ ಊದಿದ ಮೇಲೆ ಆ ಊರನ್ನು ಹತ್ತು ಸಲ ಬರೆಯುವ ತನಕ ಬಸ್ಸು ಕದಲುವುದಿಲ್ಲ. ಬೈಲಕುಪ್ಪೆ ತಲುಪುವಷ್ಟರಲ್ಲಿ ನಮ್ಮನೆಯ ಸಾರು ಮೂರು ಸಲ ಬಿಸಿಯಾಗಿರುತ್ತದೆ.

ಕಾಗುಣಿತ ಕಲಿಸಲೆಂದೇ ದೇವರು ಈ ಸೀಮೆಗೆ ನಾಲ್ಕು ತಾಲ್ಲೂಕು ಕೊಟ್ಟ ಎಂಬುದು ಮಾವನ ಸಿದ್ಧಾಂತ. ಪಿರಿಯಾಪಟ್ಟಣದಲ್ಲಿ ಟಕಾರದ ಒತ್ತು. ಹೆಗ್ಗಡದೇವನಕೋಟೆಯಲ್ಲಿ ಏನುಂಟು ಏನಿಲ್ಲ! ಇನ್ನು ಕೃಷ್ಣರಾಜನಗರವಂತೂ ಪರೀಕ್ಷೆಯ ಕಡೇ ಪ್ರಶ್ನೆ. ಮೊದಲಕ್ಷರಕ್ಕೇ ಋಕಾರ, ಅದರ ಬೆನ್ನಿಗೆ ಷಕಾರ, ಅದರ ಕಾಲಿಗೆ ಣಕಾರ. ಬಸ್ಸಿನ ಮೇಲೆ ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಬರೆಯುವುದನ್ನು ಅವರು 'ಸೋಮಾರಿ ಬೋರ್ಡು' ಎನ್ನುತ್ತಾರೆ. ಒಮ್ಮೆ ನಾನು ಪುಟ್ಟಿಯ ಬೇಸರ ಕಳೆಯಲೆಂದು, ಅಲ್ಲಿ ಮೊದಲಿದ್ದ ಊರು ಎಡತೊರೆ, ಕಾವೇರಿ ಉಕ್ಕಿ ಬಂದು ಅದು ಹಾಳಾದ ಮೇಲೆ ಹೊಸ ಊರು ಕಟ್ಟಿ ಮಹಾರಾಜರ ಹೆಸರಿಟ್ಟರು ಎಂದು ಕತೆ ಹೇಳಿದೆ. ಅವಳು ಪೆನ್ಸಿಲ್ ಕಚ್ಚುತ್ತಾ ಕೇಳಿದಳು: 'ಹೊಳೆ ಬರ್ದೇ ಇದ್ದಿದ್ರೆ ಎಡತೊರೆ ಅಂತ ಬರ್ದು ಮಲಗ್ಬೋದಿತ್ತಲ್ವಾ ತಾತ?'

ಆದರೆ ನಿಜವಾದ ಕುರುಕ್ಷೇತ್ರ ಹುಣಸೂರಿನ ಹಕಾರದ್ದು. ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಸು ಅಸುವಾಗುತ್ತದೆ, ಹಾಲು ಆಲಾಗುತ್ತದೆ, ಹುಣಸೂರು ಉಣಸೂರಾಗುತ್ತದೆ. ಮಾತಿನಲ್ಲಿ ಯಾರಿಗೂ ತೊಂದರೆಯಿಲ್ಲ. ಪುಸ್ತಕದಲ್ಲಿ ಮಾತ್ರ ಸೀಟಿ. ಒಂದು ವಾರ ಸೀಟಿ ಕೇಳಿ ಕೇಳಿ ರೋಸಿದ ಪುಟ್ಟಿ, ಯಾವುದಕ್ಕೂ ಇರಲಿ ಎಂದು ಸಿಕ್ಕಸಿಕ್ಕಲ್ಲೆಲ್ಲ ಹಕಾರ ಹಾಕಿಬಿಟ್ಟಳು. 'ನಮ್ಮ ಹಮ್ಮ ಹಡುಗೆ ಮಾಡುತ್ತಾಳೆ. ನಾಗರಹೊಳೆಯಲ್ಲಿ ಹಾನೆಗಳಿವೆ.' ಅಂದು ಸಂಜೆ ಸೀಟಿ ಎಷ್ಟು ಹೊತ್ತು ಕೂಗಿತೆಂದರೆ, ಎದುರು ಮನೆಯವರು ಯಾರದೋ ಬಸ್ಸು ರಿವರ್ಸ್ ಬರುತ್ತಿದೆಯೆಂದು ಸ್ಕೂಟರ್ ಪಕ್ಕಕ್ಕೆ ಸರಿಸಿದರು.

ಇಲ್ಲಿ ನನ್ನ ತಪ್ಪೂ ಇದೆ. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಹೇಳುವವನು. ಹಳಗನ್ನಡದ ವಿಷಯ ಬಂದರೆ ನಾಲಗೆ ತಡೆಯುವುದಿಲ್ಲ. ಹಿಂದೆ ಹಾಲು ಪಾಲ್ ಆಗಿತ್ತು, ಹುಲಿ ಪುಲಿಯಾಗಿತ್ತು, ಕಾಲ ಕಳೆದಂತೆ ಪಕಾರವೆಲ್ಲ ಹಕಾರವಾಯಿತು, ಆ ಹಳೆಯ 'ಪಿರಿಯ' ಇವತ್ತಿಗೂ ಪಿರಿಯಾಪಟ್ಟಣದಲ್ಲಿ ಕೂತಿದೆ ನೋಡು ಎಂದು ವಿವರಿಸಿದೆ. ಪುಟ್ಟಿ ಕಣ್ಣರಳಿಸಿ ಕೇಳಿದಳು. ಮಾರನೆಯ ಸಂಜೆ 'ಆಲು' ಎಂದು ಬರೆದು ತಾತನ ಮುಖ ನೋಡಿದಳು. ಸೀಟಿ ಬಿತ್ತು. 'ತಪ್ಪಲ್ಲ ತಾತ. ಪಾಲು ಹಾಲಾಯ್ತಂತೆ, ಹಾಲು ಆಲಾಗ್ತಾ ಇದೆ. ನಾವು ಮುಂದೆ ಓಗಿದೀವಿ.'

ಕಾಲೇಜಿನಲ್ಲಿ ಇಷ್ಟು ಚೆನ್ನಾಗಿ ನನ್ನ ಪಾಠ ಹಿಡಿದವರು ಯಾರೂ ಇಲ್ಲ. ಮಾವ ಮಾತ್ರ ಸೀಟಿಯನ್ನು ಬಾಯಿಂದ ತೆಗೆದು, 'ಅಳಿಯಂದ್ರೇ, ಕಾಲೇಜಿಂದು ಕಾಲೇಜಲ್ಲಿರ್ಲಿ' ಎಂದರು. ಸೇಡು ಬೇರೆ ತೀರಿಸಿಕೊಂಡರು. ಪುಟ್ಟಿಗೆ ಜ್ವರ ಬಂದಾಗ ನಾನು ಶಾಲೆಗೆ ಬರೆದ ರಜಾಚೀಟಿಯನ್ನು ಕನ್ನಡಕ ಏರಿಸಿಕೊಂಡು ಓದಿ, ಮನೆಮಂದಿಯೆಲ್ಲ ಇರುವಾಗಲೇ ಸೀಟಿ ಊದಿದರು. ನಾನು 'ಮಧ್ಯಾನ್ಹ' ಎಂದು ಬರೆದಿದ್ದೆ. ಹಕಾರ ಮೊದಲೋ ನಕಾರ ಮೊದಲೋ ಎಂಬ ಅನುಮಾನ ನನಗೆ ಎಂಎ ಮುಗಿದರೂ ಮುಗಿದಿರಲಿಲ್ಲ. ಹೆಂಡತಿ ಒಳಗಿಂದಲೇ 'ಹಕಾರಕ್ಕೆ ನಕಾರದ ಒತ್ತು ಕಣ್ರೀ' ಎಂದಳು. ಹತ್ತು ಸಲ ಬರೆದೆನೋ ಇಲ್ಲವೋ ಅದು ನಮ್ಮ ಮನೆಯ ವಿಷಯ.

ಒಂದು ಮತ್ತು ಎರಡನೇ ಕ್ಲಾಸಿನವರಿಗೆ ಹೋಂವರ್ಕ್ ಕೊಡಬಾರದು, ಅವರ ಚೀಲ ಒಂದೂವರೆ ಕೆಜಿ ಮೀರಬಾರದು ಎಂದು 2018ರಲ್ಲೇ ಕೇಂದ್ರ ಸರ್ಕಾರ ಹೇಳಿತ್ತು. ಪುಟ್ಟಿ ಎರಡನೇ ಕ್ಲಾಸಿನಲ್ಲಿದ್ದಾಗ ಅದನ್ನು ಮಾವನಿಗೆ ಓದಿ ಹೇಳಿದೆ. ಗಮನವಿಟ್ಟು ಕೇಳಿದರು. 'ಶಾಲೆ ಕೊಡಬಾರದು ಅಂತ ತಾನೆ ಇರೋದು? ತಾತ ಕೊಡಬಾರದು ಅಂತ ಎಲ್ಲೈತೆ ತೋರಿಸಿ.'

ಮಳೆಗಾಲದಲ್ಲಿ ಬಸ್ಸು ತುಂಬುತ್ತದೆ. ನಮ್ಮ ಮನೆಯಿರುವುದು ಊರಂಚಿನಲ್ಲಿ, ಆಚೆ ಹೊಗೆಸೊಪ್ಪಿನ ಹೊಲ. ಎಲೆ ಹದಮಾಡುವ ಬ್ಯಾರನ್ ಉರಿಯುವ ದಿನಗಳಲ್ಲಿ ಸುತ್ತಲಿನ ಮನೆಗಳ ಅಪ್ಪ ಅಮ್ಮಂದಿರು ಹಗಲೆಲ್ಲ ಎಲೆ ಮುರಿದು, ಕೋಲಿಗೆ ಕಟ್ಟಿ, ರಾತ್ರಿ ಉರಿ ಕಾಯುತ್ತಾ ಕೂರುತ್ತಾರೆ. ಮಕ್ಕಳ ಶಾಲೆಯ ಡೈರಿ ನೋಡುವವರು ಯಾರು? ಆ ಮಕ್ಕಳೂ ಚೀಲ ಎಳೆದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಮಾವ ಅವರಿಗೆಲ್ಲ ಕಡಲೆಪುರಿ ಹಂಚಿ ಸೀಟು ತೋರಿಸುತ್ತಾರೆ. ಅಲ್ಲೂ ಅದೇ ಸೀಟಿ, ಅದೇ ಹಕಾರ. 'ಬಿಡಿ ಮಾವ, ದೊಡ್ಡವರಾದ ಮೇಲೆ ತಾವೇ ಕಲೀತಾರೆ' ಎಂದೆ ಒಂದು ಸಲ. ಅವರು ಪುರಿಯ ಡಬ್ಬಿ ಮುಚ್ಚುತ್ತಾ ಹೇಳಿದರು: 'ಡ್ಯೂಟಿ ಮೊದಲ್ನೇ ದಿನ ಮೈಸೂರು ಸ್ಟಾಂಡಲ್ಲಿ ಉಣಸೂರ್ ಉಣಸೂರ್ ಅಂತ ಕೂಗ್ದೆ. ಯಾರೋ ಪ್ಯಾಂಟ್ ಹಾಕಿದ್ದೋರು, ಉಣ್ಣೋದಕ್ಕೆ ಊರು ಬೇರೆ ಐತಾ ಅಂದ್ರು. ಬಸ್ಸೆಲ್ಲ ನಗ್ತು.' ಆಮೇಲೆ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈ ಮನುಷ್ಯ ಹಿಂದೆ ಒಬ್ಬ ಮೇಷ್ಟ್ರ ಮೇಲೂ ಸೀಟಿ ಊದಿದ್ದರಂತೆ. ನನ್ನ ಹೆಂಡತಿ ಓದಿದ್ದು ಕೋಟೆ ತಾಲ್ಲೂಕಿನಲ್ಲಿ. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಹುಟ್ಟಿದ್ದೇ ಅಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಮಕ್ಕಳು ಕಾರ್ಡು ಹಿಡಿದು ತಮ್ಮಷ್ಟಕ್ಕೆ ಕಲಿಯುವುದನ್ನು ನೋಡಿ ಬಂದು ಶುರುಮಾಡಿದ್ದು. ಅದರ ಹೊಸದರಲ್ಲಿ ಇವಳು ಒಂದನೇ ಕ್ಲಾಸು. ಮನೆಗೆ ಬಂದವಳು ಅ ಆ ಇ ಈ ಬಿಟ್ಟು 'ರ ಗ ಸ ದ ಅ' ಎಂದಳು. ಕಂಡಕ್ಟರಿಗೆ ಎದೆ ಧಸಕ್ಕೆಂದಿತು. ಬೆಳಿಗ್ಗೆಯೇ ಶಾಲೆಗೆ ಹೋಗಿ, 'ಮೊದಲ್ನೇ ಸ್ಟಾಪು ಅ ಅಲ್ವಾ ಸಾ?' ಎಂದು ಜಗಳ ತೆಗೆದರು. ಮೇಷ್ಟ್ರು ಮಾತಾಡಲಿಲ್ಲ, ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟರು. ಅವಳು ಗೋಡೆಯ ಬುಡದಲ್ಲಿದ್ದ ಕಪ್ಪು ಪಟ್ಟಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಬರೆದಳು: ಸರ, ಅರಸ, ಗರಗಸ, ದರ. 'ದರ' ಎಂಬುದನ್ನು ಮಾವ ಎರಡು ಸಲ ಓದಿದರಂತೆ. ದಿನಾ ಜನರ ಕೈಲಿ ವಸೂಲು ಮಾಡುತ್ತಿದ್ದ ಪದ. ಈಗ ಕೇಳಿದರೆ 'ಅಂಗೇನೂ ನಡೆದೇ ಇಲ್ಲ' ಎನ್ನುತ್ತಾರೆ.

ಕಳೆದ ತಿಂಗಳು ಹೊಲದ ಕೆಲಸಕ್ಕೆಂದು ಕೋಟೆಗೆ ಹೋದರು. ನಾಲ್ಕು ದಿನ ಸಾರು ಒಂದೇ ಸಲ ಬಿಸಿಯಾಯಿತು. ಜಗಲಿಯಲ್ಲಿ ಪುಟ್ಟಿ ಸುಮ್ಮನೆ ಗೆರೆ ಎಳೆಯುತ್ತಾ ಕೂರುತ್ತಿದ್ದಳು. ನಾನು ಉಕ್ತಲೇಖನ ಹೇಳಲು ಹೋದರೆ 'ನಿಮಗೆ ಸ್ಟಾಪು ಗೊತ್ತಿಲ್ಲ ಬಿಡಪ್ಪ' ಎಂದಳು. ಐದನೆಯ ಸಂಜೆ ಫೋನಿಗೆ ಮಾವನ ಸಂದೇಶ ಬಂತು. ಅವರೇ ಒಂದೊಂದಾಗಿ ಒತ್ತಿ ಬರೆದದ್ದು: 'ನಾಳೆ ಮದ್ಯಾನ ಹುಣಸೂರಿಗೆ ಬರುತ್ತೇನೆ.' ಹುಣಸೂರಿನಲ್ಲಿ ಹಕಾರವೂ ಇತ್ತು, ಣಕಾರವೂ ಇತ್ತು.

ಪುಟ್ಟಿ ಫೋನನ್ನು ಕಿತ್ತುಕೊಂಡು ಎರಡು ಸಲ ಓದಿದಳು. ಒಳಗೋಡಿ, ಗೂಟಕ್ಕೆ ತೂಗುಹಾಕಿದ್ದ ತಾತನ ಹಳೇ ಅಂಗಿಯ ಜೇಬಿನಿಂದ ಸೀಟಿ ತಂದು, ಕರೆ ಮಾಡಿ, ಫೋನಿನ ಹತ್ತಿರ ಹಿಡಿದು ಉಸಿರಿರುವ ತನಕ ಊದಿದಳು.

'ತಾತಾ, ಸ್ಟಾಪ್! ಮಧ್ಯಾಹ್ನ. ಹತ್ತು ಸಲ!'

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಏನೋ ತಡಕಾಡಿದ ಸದ್ದು.

'ಇರವ್ವ, ಪೆನ್ ಹುಡುಕ್ತಾ ಇದೀನಿ.'