ತಗಡೂರು ಸೀಮೆಯ ಬಿಬಿಎ: ಕಾಲ, ಲಕ್ಷಣ, ಪ್ರಭೇದ

ನಂಜನಗೂಡು, ತಿ. ನರಸೀಪುರಗಳ ನಡುವಣ ತಗಡೂರು ಸೀಮೆಗೆ ಬಿಬಿಎ ಎಂಬ ವಿದ್ಯೆ ಯಾವ ಕಾಲದಲ್ಲಿ ಬಂತು ಎಂಬುದಕ್ಕೆ ತಾಮ್ರಶಾಸನ ದೊರೆತಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೈವಾರದ ಮೊನೆಯಿಂದ ಕೊರೆದ ‘ಬಿಬಿಎಂ ಬಾಯ್ಸ್’ ಎಂಬ ಲೇಖವೊಂದೇ ಆಧಾರ. ಕೊನೆಯ ‘ಎಂ’ಕಾರವನ್ನು ಗಮನಿಸಿದರೆ ಇದು ಬಿಬಿಎಂ ಪದವಿಗೆ ಬಿಬಿಎ ಎಂದು ಮರುನಾಮಕರಣವಾಗುವ ಮೊದಲಿನದು. ಕೆಳಗೆ ಹೃದಯದ ಚಿತ್ರವಿದ್ದು, ಬಾಣದ ಆ ತುದಿಯ ಹೆಸರನ್ನು ಯಾರೋ ಉಜ್ಜಿ ಅಳಿಸಿದ್ದಾರೆ. ಇತಿಹಾಸಕ್ಕೆ ತುಂಬಲಾರದ ನಷ್ಟ.

ಶಾಸ್ತ್ರದ ಮೂಲಪುರುಷರ ಬಗ್ಗೆ ಮಾತ್ರ ಗೊಂದಲವಿಲ್ಲ. ಫ್ರಾನ್ಸಿನ ಗಣಿ ಇಂಜಿನಿಯರ್ ಹೆನ್ರಿ ಫೇಯಲ್ ಆಡಳಿತದ 14 ತತ್ವಗಳನ್ನು ಪ್ರಕಟಿಸಿದ್ದು 1916ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದೂ 1916ರಲ್ಲೇ. ಇದನ್ನು ಕಾಕತಾಳೀಯ ಎನ್ನುವವರು ಮೊದಲ ಸೆಮಿಸ್ಟರಿನ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಿರುವಿ ಹಾಕಲಿ. ಆ 14 ತತ್ವಗಳನ್ನು ವಿವರಿಸುವ ಹೊಣೆಯನ್ನು ಈ ಸೀಮೆಯ ಮಕ್ಕಳಿಗೆ ಆಚಂದ್ರಾರ್ಕವಾಗಿ ದತ್ತಿ ಬಿಟ್ಟಂತಿದೆ.

ಇನ್ನು ಲಕ್ಷಣ ವಿಚಾರ. ಲೆಕ್ಕ ಬರೆಯುವುದು ಬಿ.ಕಾಂ., ಬರೆದವನನ್ನು ವಿಚಾರಿಸಿಕೊಳ್ಳುವುದು ಬಿಬಿಎ ಎಂಬುದು ಅರಳಿಕಟ್ಟೆ ಪಂಥದವರ ನಿರ್ವಚನ. ಇದಕ್ಕೆ ಎದುರಾಗಿ ಜಗುಲಿ ಪಂಥದ ಹಿರಿಯರೊಬ್ಬರು ಎತ್ತಿದ ಪೂರ್ವಪಕ್ಷ ಹೀಗಿದೆ:

“ಅದೇನ್ ಮಗ, ಬಿಬಿಎ ಅಂದ್ರ?”

“ಬಿಸಿನೆಸ್ ಮಾಡದು ಅಜ್ಜಿ.”

“ಅಂಗಾರ ಅಂಗಡಿ ಎಲ್ಲಿ ಮಡಗ್ತೀಯ?”

“ಅಂಗಡಿ ಮಡಗದಲ್ಲ ಅಜ್ಜಿ, ಮಡಗಿರೋರ ಹತ್ರ ಕೆಲಸಕ್ಕ ಸೇರದು.”

“ಅದ್ಕ ಮೂರ್ ವರ್ಸ ಬೇಕಾ?”

ಇದಕ್ಕೆ ಯಾವ ಪಠ್ಯಪುಸ್ತಕದಲ್ಲೂ ಸಮಾಧಾನವಿಲ್ಲ. ನಮ್ಮ ಸಿದ್ಧಾಂತ ಇಷ್ಟೆ: ವ್ಯಾಪಾರವಿಲ್ಲದೆಯೂ ಆಡಳಿತ ಇರಬಲ್ಲದು, ತಗಡೂರು ಸೀಮೆಯಲ್ಲಿ ಇದ್ದೇ ಇದೆ. ಹುಡುಗನೋ ಹುಡುಗಿಯೋ ಬಿಬಿಎ ಸೇರಿದ ಸುದ್ದಿ ಬೀದಿಗೆ ಮುಟ್ಟುವುದೇ ತಡ, ಗೃಹಲಕ್ಷ್ಮಿಯ 2,000 ಬಂತೋ ಇಲ್ಲವೋ ನೋಡಿ ಹೇಳುವುದು, ಪಹಣಿ ತೆಗೆಸುವುದು, ಆಧಾರ್ ಲಿಂಕ್ ಮಾಡಿಸುವುದು, ಬ್ಯಾಂಕಿನ ಚಲನ್ ತುಂಬುವುದು ಎಲ್ಲವೂ ಆ ಕೂಸಿನ ತಲೆಗೆ. ಸಂಬಳವಿಲ್ಲ, ರಜೆಯಿಲ್ಲ. ಕೆಲಸಕ್ಕೆ ತಕ್ಕ ಪ್ರತಿಫಲ ಎಂಬುದು ಫೇಯಲ್‌ನ ಏಳನೆಯ ತತ್ವವಂತೆ. ಇಲ್ಲಿ ಅದು ಒಂದು ಲೋಟ ಕಾಫಿಯ ರೂಪದಲ್ಲಿದೆ, ಅದೂ ಎಲ್ಲ ಮನೆಗಳಲ್ಲಿ ಖಾತ್ರಿ ಇಲ್ಲ.

ಅಮ್ಮನ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವವರೂ ಇವರೇ. ಕಾಲೇಜಿನಲ್ಲಿ ‘ಕ್ರೆಡಿಟ್ ರಿಸ್ಕ್’ ಎಂಬ ಅಧ್ಯಾಯಕ್ಕೆ ನೋಟ್ಸ್ ಬರೆಸಲು ಇಡೀ ಪೀರಿಯಡ್ ಹಿಡಿಯುತ್ತದೆ. ಸಂಘದಲ್ಲಿ ಅದೇ ಅಧ್ಯಾಯ ಕಂತು ಕಟ್ಟದವಳ ಜಗುಲಿಯ ಮೇಲೆ ಉಳಿದವರೆಲ್ಲ ಹೋಗಿ ಸುಮ್ಮನೆ ಕುಳಿತರೆ ಮುಗಿಯುತ್ತದೆ.

ಪ್ರಯೋಗಶಾಲೆಯಿಲ್ಲದೆ ಶಾಸ್ತ್ರ ಪೂರ್ಣವಾಗದು. ಇಲ್ಲಿನ ಪ್ರಯೋಗಶಾಲೆ ಕೊಟ್ಟಿಗೆ. ಕಾಸ್ಟ್ ಅಕೌಂಟಿಂಗ್ ಪಾಠವಾದ ವಾರ ಒಬ್ಬಳು ವಿದ್ಯಾರ್ಥಿನಿ ಮನೆಯ ಎಚ್‌ಎಫ್ ಹಸುವಿನ ಲೆಕ್ಕಕ್ಕೆ ಕೂತಳು. ಹಿಂಡಿ, ಬೂಸಾ, ಹುಲ್ಲು, ಡಾಕ್ಟರ ಖರ್ಚು ಒಂದು ಕಡೆ. ಡೈರಿಯಲ್ಲಿ ಫ್ಯಾಟ್ ನೋಡಿ ಕೊಡುವ ದರ, ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನ, ಗೊಬ್ಬರದ ಬೆಲೆ ಇನ್ನೊಂದು ಕಡೆ. ಅಲ್ಲಿಗೆ ಹಸು ಲಾಭದಲ್ಲಿತ್ತು. ಆಮೇಲೆ ಮೇಡಂ ಹೇಳಿದ್ದು ನೆನಪಾಗಿ, ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಮೈ ತೊಳೆದು, ಹಾಲು ಕರೆದು, ಕ್ಯಾನು ಹೊತ್ತು ಡೈರಿಗೆ ಹಾಕಿ ಬರುವ ಅಮ್ಮನ ದುಡಿಮೆಗೂ ಒಂದು ಕೂಲಿ ಕಟ್ಟಿದಳು. ಹಸು ನಷ್ಟಕ್ಕೆ ಬಿತ್ತು. ಎರಡು ಸಲ ಕೂಡಿದರೂ ನಷ್ಟವೇ.

“ಅವ್ವ, ಹಸ ಮಾರ್ಬುಡು. ಲಾಸು.”

ತಾಯಿ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಕೇಳಿಸಿಕೊಂಡು, “ನನ್ ಕೂಲಿ ಯಾಕ ಬರ್ದೆ? ಅದ ಅಳ್ಸು, ಸರಿ ಆಯ್ತದ” ಎಂದಳು.

ಅಳಿಸಿದರೆ ನಿಜಕ್ಕೂ ಸರಿಹೋಗುತ್ತದೆ. ಈ ಲೆಕ್ಕಪದ್ಧತಿ ಈ ಸೀಮೆಗೆ ಮಾತ್ರ ಸೀಮಿತವೆಂದು ಸಾಧಿಸಲು ನಾವು ಬಹಳ ಪ್ರಯತ್ನಪಟ್ಟೆವು, ಸಾಕ್ಷ್ಯ ಒದಗಲಿಲ್ಲ.

ನಿದರ್ಶನಗಳ ವಿಷಯಕ್ಕೆ ಬಂದರೆ, ಪಠ್ಯದಲ್ಲಿ ಟೊಯೋಟಾ, ಆ್ಯಪಲ್‌ಗಳಿವೆ. ಇಲ್ಲೇ ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದು, ಕನ್ನಡನಾಡಿನ ಬಚ್ಚಲುಮನೆಗಳಿಗೆಲ್ಲ ನಂಜನಗೂಡು ಹಲ್ಲುಪುಡಿ ಮುಟ್ಟಿಸಿದ ಕಥೆ ‘ಬ್ರ್ಯಾಂಡಿಂಗ್’ ಅಧ್ಯಾಯದಲ್ಲಿ ಇಲ್ಲ. ನಂಜನಗೂಡು ರಸಬಾಳೆಯದು ಇದಕ್ಕೂ ಸ್ವಾರಸ್ಯದ ಕೇಸು: ಹೆಸರಿಗೆ ಭೌಗೋಳಿಕ ಸೂಚಕ ಸಿಕ್ಕಿದೆ, ಪನಾಮಾ ರೋಗ ತೋಟಗಳನ್ನು ತಿಂದುಹಾಕಿದೆ, ಬ್ರ್ಯಾಂಡ್ ಉಂಟು, ಮಾಲು ಸಾಲದು. ತಗಡೂರು ರಾಮಚಂದ್ರರಾಯರು ಈ ಭಾಗದಲ್ಲಿ ಖಾದಿ ಕೆಲಸ ಕಟ್ಟಿದ್ದು, ಬದನವಾಳಿನ ಹೆಂಗಸರು ನೂತ ನೂಲನ್ನು ಗಾಂಧೀಜಿ ಬಂದು ನೋಡಿದ್ದು ‘ಉದ್ಯಮಶೀಲತೆ’ಗೆ ಬರಬೇಕು. ಆದರೆ ಅದು ಸ್ವಾತಂತ್ರ್ಯ ಹೋರಾಟದಲ್ಲಿ ಬರುತ್ತದೆ, ಹಾಗಾಗಿ ಬಿ.ಎ.ಯವರ ಪಾಲು.

ಪ್ರಭೇದಗಳು ಮೂರು, ಮೂರೂ ಒಂದೇ ಮನೆಯಲ್ಲಿ ಕಾಣಸಿಗುತ್ತವೆ. ಅಕ್ಕನದು ಹಳೆಯ ಮೂರು ವರ್ಷದ್ದು. 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದು ಅಣ್ಣನದು ನಾಲ್ಕು ವರ್ಷವಾಯಿತು. ಒಂದು ವರ್ಷಕ್ಕೆ ಇಳಿದರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ಕೊನೆಯತನಕ ಕೂತರೆ ಆನರ್ಸು, ಥೇಟ್ ಕೆಂಪು ಬಸ್ಸಿನ ಸ್ಟೇಜುಗಳ ಹಾಗೆ. 2024-25ಕ್ಕೆ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು, ತಂಗಿ ಅದಕ್ಕೆ ಸೇರಿದಳು. ಅದೇ ಸಾಲಿನಿಂದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕೂಡ ಬಿಬಿಎಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿದೆ. ವಿದ್ವಾಂಸರು ಇದನ್ನೆಲ್ಲ ನೀತಿ ಎನ್ನುತ್ತಾರೆ. ಮನೆಯವರ ಗಮನಕ್ಕೆ ಬಂದದ್ದು ಒಂದೇ: ಅಕ್ಕನ ಪುಸ್ತಕ ಅಣ್ಣನಿಗೆ ಆಗಲಿಲ್ಲ, ಅಣ್ಣನದು ತಂಗಿಗೆ ಆಗಲಿಲ್ಲ. ಮೂರು ಸಿಲಬಸ್ಸಿನ ಪುಸ್ತಕಗಳು ಅಟ್ಟದಲ್ಲಿವೆ, ಇಲಿಗಳು ಯಾವ ಭೇದವನ್ನೂ ಎಣಿಸುತ್ತಿಲ್ಲ.

ಕಟ್ಟಕಡೆಯದು ಪ್ರಾಜೆಕ್ಟ್ ರಿಪೋರ್ಟ್ ಎಂಬ ಸಂಸ್ಕಾರ. ಶೀರ್ಷಿಕೆ ಉದ್ದವಾಗಿದ್ದು ‘ವಿತ್ ಸ್ಪೆಷಲ್ ರೆಫರೆನ್ಸ್ ಟು ನಂಜನಗೂಡು’ ಎಂದೇ ಮುಗಿಯತಕ್ಕದ್ದು. ಅಮೆರಿಕದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಕೊಟ್ಟ ಅಳತೆಗೋಲಿನಂತೆ ಪ್ರತಿ ಪ್ರಶ್ನೆಗೂ ‘ಬಲವಾಗಿ ಒಪ್ಪುತ್ತೇನೆ’ಯಿಂದ ‘ಬಲವಾಗಿ ವಿರೋಧಿಸುತ್ತೇನೆ’ಯವರೆಗೆ ಐದು ಮನೆ. ಈ ಸೀಮೆಯಲ್ಲಿ ಯಾರನ್ನು ಕೇಳಿದರೂ “ಏನೋ ಪರ್ವಾಗಿಲ್ಲ” ಎನ್ನುವುದರಿಂದ ಮಧ್ಯದ ಮನೆ ತುಂಬಿ ತುಳುಕಿ, ಪೈ ಚಾರ್ಟು ಒಂದೇ ಬಣ್ಣದ ಮುದ್ದೆಯಾಗುತ್ತದೆ. ಅದಕ್ಕೆ ಪರಿಹಾರವೂ ಪರಂಪರೆಯಲ್ಲೇ ಇದೆ. ಸಲ್ಲಿಸುವ ಹಿಂದಿನ ಸಂಜೆ ನಾಲ್ಕು ಜನ ಗೆಳತಿಯರು ಮರದಡಿ ಕೂತು, ನೀಲಿ, ಕಪ್ಪು, ಜೆಲ್ ಪೆನ್ನು ಬದಲಿಸಿ, ಒಬ್ಬಳು ಎಡಗೈಯಲ್ಲೂ ಟಿಕ್ ಹಾಕಿ, ನೂರು ಮಂದಿಯ ಅಭಿಪ್ರಾಯವನ್ನು ಕತ್ತಲಾಗುವುದರೊಳಗೆ ಸಂಗ್ರಹಿಸುತ್ತಾರೆ. ಝೆರಾಕ್ಸ್ ಅಂಗಡಿಯಲ್ಲಿ ಬೈಂಡಾಗಿ, ಮೇಲೆ ಬಂಗಾರದ ಅಕ್ಷರ ಬಿದ್ದ ಮೇಲೆ ಅದು ಪ್ರಮಾಣಗ್ರಂಥ.

ಪ್ರಾಮಾಣಿಕ ಸಂಶೋಧನೆಯೂ ನಡೆಯುತ್ತದೆ ಎಂಬುದಕ್ಕೆ ವೈವಾ ಒಂದರ ನಡಾವಳಿ ಇಲ್ಲಿದೆ. ಹೊರಗಿನ ಪರೀಕ್ಷಕರು, “ಜನರನ್ನ ಹೇಗೆ ಆರಿಸ್ಕೊಂಡೆಯಮ್ಮ?” ಎಂದು ಕೇಳಿದರು.

“ಕನ್ವೀನಿಯನ್ಸ್ ಸ್ಯಾಂಪ್ಲಿಂಗ್ ಸರ್. ಸಾಯಂಕಾಲದ ಬಸ್ಸು ಬರೋತನಕ ಸ್ಟ್ಯಾಂಡಲ್ಲಿ ಇದ್ದೋರನ್ನೆಲ್ಲ ಕೇಳಿದೆ.”

“ಐವತ್ತು ಜನ ಅಂತ ಸಿನಾಪ್ಸಿಸ್‌ನಲ್ಲಿ ಬರ್ದಿದ್ದೀಯ, ಇಲ್ಲಿ ನೂರಹತ್ತು ಆಗಿದೆ?”

“ಅವತ್ತು ಬಸ್ಸು ಬರ್ಲೇ ಇಲ್ಲ ಸರ್.”