ಬಿಸಿಲಿನ ರಾಯಭಾರಿ

ಕಾಣದುದನ್ನು ಕಾಣಬೇಕೆಂಬ ಕುತೂಹಲದಿಂದ ದೇಶಾಟನೆಗೆ ಹೊರಡುವವರು ಲೋಕದಲ್ಲಿ ಬಹಳ ಮಂದಿ. ಆದರೆ ತಮ್ಮ ಊರಿನಲ್ಲಿರುವಂಥದು ಪರಸ್ಥಳದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಪ್ರತ್ಯಕ್ಷ ಪ್ರಮಾಣದಿಂದ ಸ್ಥಾಪಿಸಿ ಬರುವುದಕ್ಕೆಂದೇ ಟಿಕೀಟು ತೆಗೆಸುವ ಒಂದು ವರ್ಗವೂ ಉಂಟು, ಮತ್ತು ಆ ವರ್ಗದ ಪರಿಶುದ್ಧ ಮಾದರಿಗಳು ಕಲಬುರಗಿಯಲ್ಲಿ ಓಣಿಗೊಬ್ಬರಂತೆ ದೊರೆಯುತ್ತಾರೆ. ನಮ್ಮ ಓಣಿಯ ಪಾಲಿಗೆ ಬಂದವರು ಕಾಕಾ. ಅವರಿಗೆ ತಂದೆತಾಯಿಗಳಿಟ್ಟ ಹೆಸರೊಂದು ಇಲ್ಲದಿಲ್ಲ. ಆದರೆ ಅದು ಈಗ ಪಿಂಚಣಿಯ ಪುಸ್ತಕದಲ್ಲಿ ಮಾತ್ರ ಉಳಿದಿದ್ದು, ರಾಜಸ್ಥಾನದ ಯಾತ್ರೆಯನ್ನು ಮುಗಿಸಿ ಬಂದಂದಿನಿಂದ ಆಬಾಲವೃದ್ಧರೆಲ್ಲರೂ ಅವರನ್ನು ಜೈಸಲ್ಮೇರ್ ಕಾಕಾ ಎಂದೇ ಕರೆಯುತ್ತಾರೆ. ಜೈಸಲ್ಮೇರನ್ನು ಅವರಷ್ಟು ಶ್ರದ್ಧೆಯಿಂದ ಹೀಗಳೆದವರು ಬೇರೊಬ್ಬರಿಲ್ಲದಿರುವುದರಿಂದ ಈ ಬಿರುದು ಅವರಿಗೇ ಸಲ್ಲತಕ್ಕದ್ದು.

ಕಾಕಾರವರ ಬಾಳಿಗೆ ಆಧಾರಗಳು ಎರಡು: ಶರಣಬಸಪ್ಪನಲ್ಲಿ ಭಕ್ತಿ, ಊರ ಬಿಸಿಲಿನಲ್ಲಿ ಅಭಿಮಾನ. ಹೋಳಿಹುಣ್ಣಿಮೆಯಾದ ಐದನೆಯ ದಿನ ಶರಣಬಸವೇಶ್ವರರ ತೇರು ಸಾಗಿತೆಂದರೆ ಬೇಸಗೆಗೆ ಅಧಿಕೃತವಾದ ಅಪ್ಪಣೆ ದೊರೆಯಿತೆಂದು ಅವರ ಎಣಿಕೆ. ಆ ಮೇಲೆ ಮಳೆಗಾಲದವರೆಗೆ ಅವರು ತಲೆಯ ಮೇಲೆ ಒದ್ದೆ ಟವೆಲನ್ನೂ ಜೇಬಿನಲ್ಲಿ ಉಳ್ಳಾಗಡ್ಡಿಯನ್ನೂ ಧರಿಸಿ, ಪತ್ರಿಕೆಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾರೆ. ಏಕೆಂದರೆ ಊರೂರಿನ ಉಷ್ಣಾಂಶದ ಪಟ್ಟಿ ಅಚ್ಚಾಗುವುದು ಒಳಪುಟದ ಮೂಲೆಯಲ್ಲಿ. ಕಲಬುರಗಿಗೆ 44 ಬಂದ ದಿನ ಅವರ ನಡಿಗೆಯಲ್ಲಿ ಒಂದು ಗಾಂಭೀರ್ಯ ಕಾಣಿಸಿಕೊಳ್ಳುತ್ತದೆ. ರಾಯಚೂರಿನ ಅಂಕಿ ಅರ್ಧ ಡಿಗ್ರಿ ಮೇಲಿದ್ದ ದಿನವಾದರೋ ಊಟ ರುಚಿಸದು. "ಅವ್ರ ಮಷಿನ್ ಬಿಸಿಲಾಗ ಇಟ್ಟಾರ್ರಿ, ನಮ್ದು ನೆರಳಾಗ ಅದ," ಎಂದು ಸಂಜೆಯವರೆಗೂ ಕಂಡಕಂಡವರಿಗೆಲ್ಲ ವಿವರಿಸುತ್ತಿರುತ್ತಾರೆ.

ಇಂಥವರ ಸಮಾಧಾನವನ್ನು ಕದಡಿದವನು ಓಣಿಯ ಒಬ್ಬ ಕಾಲೇಜು ಹುಡುಗ. 2016ನೆಯ ಇಸವಿ ಮೇ 19ರಂದು ರಾಜಸ್ಥಾನದ ಫಲೋದಿ ಎಂಬ ಊರಿನಲ್ಲಿ 51 ಡಿಗ್ರಿ ದಾಖಲಾಯಿತೆಂದು ಅವನು ಮೊಬೈಲಿನಲ್ಲಿ ತೆರೆದು ತೋರಿಸಿದಾಗ, ಕಾಕಾ ಕನ್ನಡಕವನ್ನು ಒರೆಸಿ ಮತ್ತೊಮ್ಮೆ ನೋಡಿ, "ಒಂದ್ ದಿನದ ಮಾತ ಅದು," ಎಂದರಾದರೂ ಆ 51 ಅವರ ಮನಸ್ಸಿನಲ್ಲಿ ಅಂಗಾಲಿನ ಮುಳ್ಳಿನಂತೆ ಉಳಿದೇ ಉಳಿಯಿತು. ಆದಕಾರಣ ಕಮಲಾಪುರದ ಬೀಗರು ಅಜಮೇರು, ಪುಷ್ಕರ, ಜೈಸಲ್ಮೇರುಗಳಿಗೆ ಯಾತ್ರೆ ಹೊರಟ ತಂಡವೊಂದರಲ್ಲಿ ತಮಗೂ ಜಾಗ ಹಿಡಿಸಲೇ ಎಂದು ಕೇಳಿದಾಗ, ಪುಣ್ಯಸಂಪಾದನೆಯಲ್ಲಿ ವಿಶೇಷ ಆಸಕ್ತಿಯಿಲ್ಲದ ಕಾಕಾ ಒಂದೇ ಮಾತಿಗೆ ಒಪ್ಪಿದರು. ಮರುಭೂಮಿಯನ್ನು ಕಣ್ಣಾರೆ ಕಂಡು, ಮೈಯಾರೆ ಉಂಡು, ಅದರ ಕೀರ್ತಿ ಎಷ್ಟರದೆಂದು ಅಳೆದು ಬರುವುದು ಅವರ ಸಂಕಲ್ಪ. ಈ ಸಂಕಲ್ಪದಲ್ಲಿ ಒಂದು ಅಂಶ ಮಾತ್ರ ಅವರ ಲಕ್ಷ್ಯಕ್ಕೆ ಬಾರದೆ ಹೋಯಿತು: ಯಾತ್ರೆ ಹೊರಟದ್ದು ಪುಷ್ಯಮಾಸದಲ್ಲಿ.

ಅಜಮೇರಿನಲ್ಲಿ ಅವರಿಗೆ ಜಗಳಕ್ಕೆ ಅವಕಾಶವೇ ದೊರೆಯಲಿಲ್ಲ. ಮೊಯಿನುದ್ದೀನ್ ಚಿಶ್ತಿಯವರ ದರ್ಗಾದ ಗುಲಾಬಿಯ ಪರಿಮಳದ ನಡುವೆ ಕೈಮುಗಿದು ನಿಂತಾಗ, ನಮ್ಮ ಖಾಜಾ ಬಂದೇನವಾಜರು ಇದೇ ಚಿಶ್ತಿ ಪರಂಪರೆಯವರು, ದಿಲ್ಲಿಯ ನಸೀರುದ್ದೀನ್ ಚಿರಾಗರ ಶಿಷ್ಯರು, ಮುಪ್ಪಿನಲ್ಲಿ ಕಲಬುರಗಿಗೆ ಬಂದು ನೆಲಸಿ 1422ರಲ್ಲಿ ಇಲ್ಲಿಯೇ ದೇಹವಿಟ್ಟವರು ಎಂಬ ಸಂಗತಿ ನೆನಪಾಗಿ, ಕಾಕಾರ ಕಣ್ಣು ತೇವಗೊಂಡಿತೆಂದು ಬೀಗರು ಹೇಳುತ್ತಾರೆ. ಇದು ಮಾತ್ರ ಸುಳ್ಳಲ್ಲವೆಂದು ನಾನೂ ನಂಬುತ್ತೇನೆ. ಗುರುವಾರದ ಸಂಜೆ ನಮ್ಮ ದರ್ಗಾದ ಅಂಗಳದಲ್ಲಿ ವಿಭೂತಿ ಧರಿಸಿದ ಅವರ ಹಣೆಯನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಹೊರಬಾಗಿಲನ್ನು ದಾಟುತ್ತಲೇ ಅವರ ಸ್ವಭಾವ ಮರಳಿ ಬಂದಿತು. "ಇವ್ರು ದೊಡ್ಡವ್ರು ಖರೇ. ಆದ್ರ ನೂರು ವರ್ಷ ಬಾಳಿದವ್ರು ನಮ್ಮ ಖಾಜಾ. ನಮ್ಮ ಬಿಸಿಲಿನ ಗುಣ ಅದು!"

ಅಲ್ಲಿಂದ ಮುಂದೆ ವಾದ ಎಡೆಬಿಡದೆ ಸಾಗಿತು. ಬಿಕಾನೇರಿನ ಸಮೀಪದ ದೇಶನೋಕದಲ್ಲಿ ಕರಣಿಮಾತೆಯ ಗುಡಿಯ ತುಂಬ ಸಾವಿರಾರು ಇಲಿಗಳು ನಿರ್ಭಯವಾಗಿ ಹರಿದಾಡುತ್ತ ಹಾಲುಂಡು, ಭಕ್ತರ ಪಾದಗಳ ಮೇಲೆಯೇ ನಡೆದುಹೋಗುವಾಗ, ಬಿಳಿಯ ಇಲಿ ಕಣ್ಣಿಗೆ ಬಿದ್ದರೆ ಮಹಾಭಾಗ್ಯವೆಂದು ಜನ ಗೋಡೆಯ ಬುಡವನ್ನೆಲ್ಲ ಅರಸುತ್ತಿರುವಲ್ಲಿ, ಕಾಕಾ ಧೋತರವನ್ನು ಮೊಣಕಾಲಿಗೆತ್ತಿ ನಿಂತು, ನೆಹರೂ ಗಂಜಿನ ತೊಗರಿಯ ಗೋದಾಮುಗಳಲ್ಲಿ ಇದಕ್ಕಿಂತ ದಪ್ಪನೆಯವು ಇವೆಯೆಂದೂ, ನಾವು ಮಾತ್ರ ಅವುಗಳಿಗೆ ಗುಡಿ ಕಟ್ಟಿಸುವಷ್ಟು ಅನುಕೂಲಸ್ಥರಲ್ಲವೆಂದೂ ನುಡಿದರು. ಪಾಕಿಸ್ತಾನದ ಗಡಿಯ ಬಳಿಯ ತನೋಟ್ ಮಾತೆಯ ಗುಡಿಯಲ್ಲಿ, 1965ರ ಯುದ್ಧದಲ್ಲಿ ಬಿದ್ದೂ ಸಿಡಿಯದೆ ಉಳಿದವೆಂಬ ಬಾಂಬುಗಳನ್ನು ಗಡಿಭದ್ರತಾ ಪಡೆಯವರು ಜೋಡಿಸಿಟ್ಟಿದ್ದಾರೆ. ಉಳಿದವರೆಲ್ಲ ಮೈ ಝುಮ್ಮೆಂದು ನಿಂತಿರಲು ಕಾಕಾ, ನಮ್ಮ ಕೋಟೆಯ ಮೇಲಿರುವ ತೋಪು 29 ಅಡಿ ಉದ್ದದ್ದೆಂಬುದನ್ನು ಪಹರೆಯ ಯುವಕನ ಗಮನಕ್ಕೆ ತಂದರು. ಆ ಯುವಕ ಪಂಜಾಬಿನವನಾದ್ದರಿಂದ ಗೌರವದಿಂದ ತಲೆಯಾಡಿಸಿದನಂತೆ. ಆ ತೋಪಿನ ಬುಡಕ್ಕೆ ಕಾಕಾ ಕೊನೆಯ ಸಲ ಹೋದದ್ದು ಶಾಲೆಯ ಮಾಸ್ತರರು ಸಾಲುಹಚ್ಚಿ ಕರೆದೊಯ್ದಾಗ ಎಂಬುದನ್ನು ಆತ ಬಲ್ಲನೆ? ಈ ಜಾತಿಯ ಯಾತ್ರಿಕರ ಒಂದು ಲಕ್ಷಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಅವರು ಊರ ಹೊರಗೆ ಹೊಗಳುವ ಸ್ಥಳಗಳನ್ನು ಊರಲ್ಲಿದ್ದಾಗ ನೋಡುವುದಿಲ್ಲ. ಅಶೋಕನ ಶಾಸನ ದೊರೆತ ಸನ್ನತಿ ನಮ್ಮ ಜಿಲ್ಲೆಯಲ್ಲಿಯೇ, ಭೀಮೆಯ ದಂಡೆಯಲ್ಲಿಯೇ ಇದೆ. ಕಾಕಾ ಅದನ್ನು ಪುಷ್ಕರದ ಪಂಡಿತನಿಗೆ ಸವಿಸ್ತಾರವಾಗಿ ವರ್ಣಿಸಿದ್ದಾರೆ, ಹೋಗಿ ಮಾತ್ರ ನೋಡಿಲ್ಲ.

1156ರಲ್ಲಿ ರಾವಳ ಜೈಸಲನು ಕಟ್ಟಿಸಿದ, ಸಂಜೆಗೆ ಹೊನ್ನಿನ ಬಣ್ಣ ತಾಳುವ ಜೈಸಲ್ಮೇರಿನ ಹಳದಿ ಕಲ್ಲಿನ ಕೋಟೆಯೊಳಗೆ ಇಂದಿಗೂ ಜನರು ಸಂಸಾರ ಮಾಡಿಕೊಂಡಿದ್ದಾರೆಂದು ಮಾರ್ಗದರ್ಶಿ ಬೆರಗಿನಿಂದ ಹೇಳಿದಾಗ, "ನಮ್ಮ ಕ್ವಾಟಿ ಒಳಗೂ ಮಂದಿ ಅದಾರ್ರಿ, ಏನ್ ಹೊಸದದ?" ಎಂಬ ಉತ್ತರ ಸಿದ್ಧವಾಗಿಯೇ ಇತ್ತು. ಕಾಕಾರಿಗೆ ಉತ್ತರ ಹೊಳೆಯದೆ ಹೋದದ್ದು ಅಕಲ್ ಎಂಬಲ್ಲಿ. ಜೈಸಲ್ಮೇರಿನಿಂದ 17 ಕಿಲೋಮೀಟರ್ ದೂರದ ಬೋಳುಗುಡ್ಡದ ಮೇಲೆ, ಸುಮಾರು 18 ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಳೆದಿದ್ದ ಕಾಡಿನ ಮರಗಳು ಕಲ್ಲಾಗಿ ಬಿದ್ದಿವೆ. ತೊಗಟೆಯ ಗೆರೆ ಸಹಿತ ಮರವೇ, ಮುಟ್ಟಿದರೆ ಕಲ್ಲು. 18 ಕೋಟಿಯೆಂಬ ಸಂಖ್ಯೆಯ ಮುಂದೆ ಬಹಮನಿಯರ 1347 ನಿಲ್ಲಲಾರದೆಂಬುದು ಕಾಕಾರಿಗೂ ತಿಳಿಯಿತು. ಅವರು ಆ ಮಧ್ಯಾಹ್ನವೆಲ್ಲ ಮೌನವಾಗಿದ್ದರಂತೆ. ನಾನು ಜೊತೆಯಲ್ಲಿದ್ದಿದ್ದರೆ ಅವರ ಮಾನವನ್ನು ಉಳಿಸುತ್ತಿದ್ದೆ. ಅವರ ಪಡಸಾಲೆಗೆ ಹಾಸಿರುವ ಶಹಾಬಾದಿನ ಫರಸಿ, ಭೂಮಿಯ ಮೇಲೆ ಮರವೆಂಬುದೇ ಹುಟ್ಟುವುದಕ್ಕೆ ಮುಂಚಿನ ಒಂದು ಸಮುದ್ರದ ತಳ. ಅಕಲಿನ ಕಾಡಿಗೆ ಎಷ್ಟೋ ಪಟ್ಟು ಹಿರಿಯದು. ಕಾಕಾ ದಿನವೂ ಅದರ ಮೇಲೆ ಚಾಪೆ ಹಾಸದೆ ಮಲಗಿ, ಸೆಕೆಯೆಂದು ಮಗ್ಗುಲು ಬದಲಿಸುತ್ತಾರೆ. ಈ ಸಂಗತಿಯನ್ನು ನಾನು ಈ ತನಕ ಅವರಿಗೆ ತಿಳಿಸಿಲ್ಲ. ತಿಳಿಸಿದರೆ ಓಣಿಯಲ್ಲಿ ಬಾಳುವುದು ಕಷ್ಟ.

ಇನ್ನು ಯಾತ್ರೆಯ ಪರಮಘಟ್ಟವಾದ ಸಮ್ ಎಂಬಲ್ಲಿಯ ಮರಳ ದಿಬ್ಬಗಳ ವೃತ್ತಾಂತ. ಇದಕ್ಕೆ ಎರಡು ಪಾಠಗಳುಂಟು. ಕಲಬುರಗಿಯ ಪಾಠ ಕಾಕಾರದು: "ಉಸುಕಿನ ಮ್ಯಾಲ ಬರಿಗಾಲಿಲೆ ಅಡ್ಡಾಡಿದೆ, ಮಾಸ್ತರ್ರ. ಒಂದ್ ಚೂರು ಕಾಲ್ ಸುಡಲಿಲ್ಲ ನೋಡ್ರಿ! ಇದೇನ್ ಬಿಸಿಲ್ರೀ? ಹೋಳಿಹುಣ್ಣಿಮಿಗೆ ನಮ್ಮ ಕಡಿ ಇದರಪ್ಪನಂಥದು ಬೀಳ್ತದ. ಒಂಟಿ ಅಂದ್ರ ಏನ್ ಮಹಾ, ರಿಂಗ್ ರೋಡಿನ ಟಂಟಂ ಅದಕಿಂತ ಹೆಚ್ಚು ಕುಲಕ್ತದ." ಇದನ್ನು ಕೇಳಿದ ಓಣಿಯವರು, ಥಾರ್ ಮರುಭೂಮಿ ಕಲಬುರಗಿಯ ಮುಂದೆ ತಲೆತಗ್ಗಿಸಿತೆಂದು ಸಂತೋಷಪಟ್ಟು ಚಹಾ ಕುಡಿದು ಹೋಗುತ್ತಾರೆ.

ಕಮಲಾಪುರದ ಪಾಠವನ್ನು ಕೇಳಬೇಕಾದರೆ ಹುಮನಾಬಾದಿನ ರಸ್ತೆ ಹಿಡಿದು ಮಹಾಗಾಂವ್ ಕ್ರಾಸನ್ನು ದಾಟಿ ಬೀಗರ ತೋಟಕ್ಕೆ ಹೋಗಬೇಕು. ಅಲ್ಲಿ ಬೆಳೆಯುವುದು ಭೌಗೋಳಿಕ ಸೂಚಿಯ ಗೌರವವನ್ನು ಪಡೆದ ಕೆಂಪು ಬಾಳೆ; ಇತರ ಬಾಳೆಗಿಂತ ನಿಧಾನವಾಗಿ ಗೊನೆ ಬಿಡುವುದು, ಬೆಲೆಯಲ್ಲಿಯೂ ದೊಡ್ಡದು. ಅದನ್ನು ಬೆಳೆಯುವವರಿಗೆ ಆ ಗಿಡದ ತಾಳ್ಮೆಯೇ ಬಂದುಬಿಡುತ್ತದೆಯೋ ಏನೋ, ಬೀಗರು ಮಾತನಾಡುವುದು ಕಡಿಮೆ, ಆಡಿದ ಮಾತನ್ನು ತಿದ್ದುವುದು ಅದಕ್ಕಿಂತ ಕಡಿಮೆ. ಮೊನ್ನೆ ಕಾಕಾ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ತಮ್ಮ ಮಾತಿಗೆ ಸಾಕ್ಷಿ ಹಾಕಿಸಲೆಂದು. ಬೀಗರು ಹಣ್ಣಿನ ತಟ್ಟೆಯನ್ನು ಮುಂದಿಟ್ಟು, ಕಾಕಾ ಹಿತ್ತಲಿಗೆ ಹೋದ ಸಮಯವನ್ನು ನೋಡಿ, ನಡೆದದ್ದನ್ನು ನಡೆದಂತೆ ಅರುಹಿದರು.

ಒಂಟೆ ಏಳುವಾಗ ಮೊದಲು ಹಿಂಗಾಲನ್ನೆತ್ತುತ್ತದೆಂಬುದನ್ನು ಅರಿಯದ ಕಾಕಾ ಮುಂದಕ್ಕೆ ಮುಗ್ಗರಿಸಿ, ಅದರ ಕುತ್ತಿಗೆಯನ್ನು ಅಪ್ಪಿಕೊಂಡು, "ಯಪ್ಪಾ ಶರಣಬಸಪ್ಪಾ!" ಎಂದು ಕೂಗಿದ್ದು ಮೂರು ದಿಬ್ಬಗಳಾಚೆಗೂ ಕೇಳಿಸಿತಂತೆ, ಒಂಟೆಯನ್ನು ಸಮಾಧಾನಪಡಿಸಲು ಬೀಗರು ಊರಿನಿಂದ ಒಯ್ದಿದ್ದ ಕೆಂಪು ಬಾಳೆಯಲ್ಲಿ ಉಳಿದಿದ್ದ ಹಣ್ಣನ್ನು ಸಿಪ್ಪೆ ಸಹಿತ ಅದಕ್ಕೆ ಉಣ್ಣಿಸಬೇಕಾಯಿತು. ಹೊತ್ತು ಮುಳುಗುವವರೆಗೂ ಹಿತವಾದ ಎಳೆಬಿಸಿಲು. ಮುಳುಗಿದ್ದೇ ತಡ, ಹಗಲು ಕುಡಿದ ಶಾಖವನ್ನು ರಾತ್ರಿಯೆಲ್ಲ ಮರಳಿಸುತ್ತಿರುವ ಕಲಬುರಗಿಯ ಕಲ್ಲುಗೋಡೆಗಳ ಸ್ವಭಾವ ಮರಳಿಗಿಲ್ಲವಾದ್ದರಿಂದ, ತೇವವಿಲ್ಲದ ತಿಳಿಯಾದ ಆಕಾಶಕ್ಕೆ ಅದು ತನ್ನ ಬಿಸಿಯನ್ನೆಲ್ಲ ಒಂದೇ ಗಳಿಗೆಯಲ್ಲಿ ಒಪ್ಪಿಸಿಬಿಟ್ಟಿತು. ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿಯಿತು. ಮಾಂಗಣಿಯಾರ್ ಗಾಯಕರು ಕಮಾಯಚದ ತಂತಿಗಳ ಮೇಲೆ ಕಮಾನು ಆಡಿಸುತ್ತ ಹಾಡುತ್ತಿದ್ದರೆ, ಬಿಸಿಲನ್ನು ಜಯಿಸಲು ಹೊರಟ ನಮ್ಮ ವೀರರು ಹೊದ್ದ ಕಂಬಳಿಯ ಮೇಲೆ ಮತ್ತೊಂದು ಕಂಬಳಿ, ಅದರ ಮೇಲೆ ಜೊತೆಗೆ ಬಂದಿದ್ದ ಮಡದಿ ಕಾಕುವಿನ ಶಾಲು, ಕಿವಿಗೆ ಉಸ್ತಾದರಲ್ಲೊಬ್ಬರ ಮಫ್ಲರು, ಇವುಗಳ ಒಳಗಿನಿಂದ ಹಲ್ಲುಗಳ ತಾಳ ಹಾಕುತ್ತಿದ್ದರು. ಜೇಬಿನ ಉಳ್ಳಾಗಡ್ಡಿ ಮಾತ್ರ ಸ್ಥಾನವನ್ನು ಬಿಟ್ಟು ಕದಲಿರಲಿಲ್ಲ. ಕಾಕು ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಟ್ಟು, "ಊರಾಗಿನ ಬಿಸಿಲು ಒಂದ್ ಡಬ್ಯಾಗ ತುಂಬಿಕೊಂಡು ಬರಬೇಕಿತ್ರೀ," ಎಂದರಂತೆ.

ಇಷ್ಟು ಹೇಳುವಷ್ಟರಲ್ಲಿ ಕಾಕಾ ಮರಳಿ ಬಂದು ಕಟ್ಟೆಯ ಮೇಲೆ ಕುಳಿತರು. ನನ್ನ ಮುಖವನ್ನು ನೋಡಿ ಏನನ್ನೋ ಊಹಿಸಿದರೆಂದು ತೋರುತ್ತದೆ. ಒಂದು ಹಣ್ಣನ್ನು ಸುಲಿಯುತ್ತ, ಸುಲಿದ ಭಾಗವನ್ನು ತಿನ್ನದೆ ಕೈಯಲ್ಲಿಯೇ ಹಿಡಿದು, ನ್ಯಾಯ ನ್ಯಾಯವೇ, ಮರುಭೂಮಿಯನ್ನು ಅದರ ಭರಾಟೆಯ ಕಾಲದಲ್ಲಿ ಕಾಣದೆ ತೀರ್ಪು ಕೊಡುವುದು ಸರಿಯಲ್ಲ, ಬರುವ ಮೇ ತಿಂಗಳಲ್ಲಿ ನೇರವಾಗಿ ಫಲೋದಿಗೇ ಹೋಗಿ ಒಂದು ವಾರ ಇದ್ದು ಬರೋಣವೆಂದು ಪ್ರಸ್ತಾಪಿಸಿದರು.

"ಏನ್ರಿ ಬೀಗ್ರ, ಬರ್ತೀರಿಲ್ಲೋ?"

ಬೀಗರು ಬಹಳ ಹೊತ್ತು ಗೊನೆಯ ಭಾರಕ್ಕೆ ವಾಲಿದ ಗಿಡವೊಂದನ್ನು ನೋಡುತ್ತಿದ್ದು, ಅದಕ್ಕೆ ಊರುಗೋಲನ್ನು ಕೊಟ್ಟು ಬಂದು, "ಮೇ ತಿಂಗಳಾಗ ಬಿಸಿಲೇ ಬೇಕಾದ್ರ ಇಲ್ಲೇ ಕುಂದರ್ರಿ ಬೀಗ್ರ. ಗಾಡಿ ರೊಕ್ಕ ಉಳೀತದ," ಎಂದರು.

ಕಾಕಾ ಈ ಮಾತನ್ನು ಥಾರ್ ಮರುಭೂಮಿಯ ಪರವಾಗಿ ಬರೆದುಕೊಟ್ಟ ಶರಣಾಗತಿಯ ಪತ್ರವೆಂದೇ ಅಂಗೀಕರಿಸಿ, ಮರುದಿನ ಬೆಳಿಗ್ಗೆ ಜಗತ್ ವೃತ್ತದ ಚಹಾದಂಗಡಿಯಲ್ಲಿ, "ಕಮಲಾಪುರದ ನಮ್ಮ ಬೀಗರೇ ಅಂದಾರ ನೋಡ್ರಿ," ಎಂದು ಅದನ್ನು ಉದಾಹರಿಸತೊಡಗಿದರು.