ಕಡ್ಡಿಯ ಮೇಲಿನ ನಲವತ್ತು ಮನೆಗಳು: ಒಂದು ಗೃಹಾಂತರ ಮೀಮಾಂಸೆ

ಮನೆ ಬದಲಿಸುವಾಗ ಮನುಷ್ಯನ ಚಿತ್ತಕ್ಕೆ ಏನಾಗುತ್ತದೆ ಎಂಬುದನ್ನು ನಮ್ಮ ಪೂರ್ವಾಚಾರ್ಯರು ಯಾರೂ ವಿಸ್ತರಿಸಿ ಬರೆದಂತಿಲ್ಲ. ಬಹುಶಃ ಅವರಿಗೆಲ್ಲ ಸ್ವಂತ ಮನೆಗಳಿದ್ದವು. ಈ ಶಾಸ್ತ್ರಕ್ಕೆ ನಿಜವಾದ ಅಧಿಕಾರಿ ಎಂದರೆ ಬೆಂಗಳೂರಿನ ಬಾಡಿಗೆದಾರ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ತಾಪತ್ರಯ ಬೇಡವೆಂದು ಹನ್ನೊಂದು ತಿಂಗಳಿಗೊಂದು ಕರಾರು ಬರೆದುಕೊಂಡು, ಹನ್ನೆರಡನೆಯ ತಿಂಗಳು ಎಲ್ಲಿ ಎಂದು ಯೋಚಿಸುತ್ತ ಬದುಕುವವನು ಅವನು. ಈವರೆಗೆ ಆರು ಮನೆ ಬದಲಿಸಿರುವ ಪ್ರಸ್ತುತ ಲೇಖಕ, ಅದೇ ಅಧಿಕಾರದಿಂದ, ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕೂತು ಈ ಪ್ರಬಂಧವನ್ನು ಮಂಡಿಸುತ್ತಿದ್ದಾನೆ. ಪೆಟ್ಟಿಗೆಯ ಮೇಲೆ 'ಅಡುಗೆಮನೆ' ಎಂದು ಬರೆದಿದೆ. ಒಳಗೆ ಚಪ್ಪಲಿಗಳಿವೆ.

ನ್ಯಾಯಶಾಸ್ತ್ರದ ಪ್ರಕಾರ ವಾದಕ್ಕೆ ಐದು ಅವಯವಗಳಿರಬೇಕು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಸಾಗಣೆಯಲ್ಲಿ ನಿಗಮನ ಎಲ್ಲೋ ಸೇರಿಹೋಗಿರುವುದರಿಂದ ಓದುಗರು ನಾಲ್ಕರಲ್ಲೇ ಸುಧಾರಿಸಿಕೊಳ್ಳಬೇಕು.

ಪ್ರತಿಜ್ಞೆ: ಗೃಹಾಂತರ ಕಾಲದಲ್ಲಿ ಮನಶ್ಶಾಂತಿಗೆ ಸರಳ ಹೆಣಿಗೆಗಿಂತ ಮಿಗಿಲಾದ ಸಾಧನವಿಲ್ಲ. ಹೇತು: ಹೆಣಿಗೆಯೂ ಗೃಹಾಂತರವೇ.

ಎರಡನೆಯ ಮಾತು ವಿವರಣೆ ಬೇಡುತ್ತದೆ. ನಾವು ಜಾಲಹಳ್ಳಿಯಲ್ಲಿದ್ದಾಗ ಪಕ್ಕದಲ್ಲಿ ವಾಯುಸೇನೆಯವರೊಬ್ಬರ ಸಂಸಾರವಿತ್ತು. ಆ ಮನೆಯ ಪಂಜಾಬಿ ಗೃಹಿಣಿಯೇ ನನ್ನ ಹೆಂಡತಿಗೆ ಹೆಣಿಗೆಯ ಗುರು. ಉತ್ತರದ ಕಡೆ ಕಡ್ಡಿಯ ಮೇಲಿನ ಕುಣಿಕೆಯನ್ನು 'ಘರ್' ಎಂದೂ ಕರೆಯುತ್ತಾರೆ. ಘರ್ ಎಂದರೆ ಮನೆ. ಪಾಠ ಶುರುವಾದ ವಾರದಲ್ಲೇ ಒಳಗಿನಿಂದ "ಅಯ್ಯೋ, ಮನೆ ಬಿತ್ತು!" ಎಂದು ಕೂಗು ಕೇಳಿ ನಾನು ಅರ್ಧ ಗಡ್ಡ ಹೆರೆದ ಮುಖದಲ್ಲೇ ಬೀದಿಗೆ ಓಡಿದ್ದೆ. ಬಿದ್ದದ್ದು ಒಂದು ಕುಣಿಕೆ. ಅದನ್ನು ಮೂರು ಸಾಲು ಕೆಳಗಿನಿಂದ ಮೇಲೆತ್ತಿ ಕೂರಿಸಲು ಅರ್ಧ ನಿಮಿಷ ಸಾಕಾಯಿತು. ಯಾವ ಇಂಜಿನಿಯರೂ ಬರಲಿಲ್ಲ.

ಈಗ ನೋಡಿ. ಎಡಗಡ್ಡಿಯ ಮೇಲೆ 40 ಮನೆಗಳಿವೆ. ಒಂದೊಂದಾಗಿ ಹಳೆಯ ಮನೆಯೊಳಗಿಂದಲೇ ಹೊಸ ಮನೆಯನ್ನು ಎಳೆದುಕೊಂಡು ಬಲಗಡ್ಡಿಗೆ ಹೋಗುತ್ತವೆ. ಹೀಗೆ 40ನೆಯದೂ ದಾಟಿದರೆ ಒಂದು ಸಾಲು. ಕಡ್ಡಿಗಳನ್ನು ಅದಲುಬದಲು ಮಾಡಿದರೆ ಇಡೀ ಬಡಾವಣೆ ಮತ್ತೆ ಹೊರಡಲು ಸಿದ್ಧ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಡುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. "ವೆಜಿಟೇರಿಯನ್ನಾ?" ಎಂದು ಯಾರೂ ಕೇಳುವುದಿಲ್ಲ. ಬರೀ ಸೀದಾ ಹೆಣಿಗೆಯಲ್ಲಿ ಚೌಕ ಬೇಕಿದ್ದರೆ ಮನೆಗಳ ಎರಡರಷ್ಟು ಸಾಲು ಹಾಕಬೇಕು ಎಂಬುದು ಬಲ್ಲವರೆಲ್ಲ ಒಪ್ಪಿದ ಲೆಕ್ಕ. ಅಂದರೆ 40 ಮನೆ, 80 ಸಾಲು. ಗೇಣಗಲದ ಒಂದು ಮಸಿಬಟ್ಟೆಗೆ 3,200 ಗೃಹಾಂತರಗಳು, ಒಂದು ಲೋಟವೂ ಒಡೆಯದೆ! ವಿದ್ಯಾರಣ್ಯಪುರದಿಂದ ಜೆ.ಪಿ. ನಗರಕ್ಕೆ ನಾವು ಮಾಡಿದ ಏಕಮಾತ್ರ ಗೃಹಾಂತರದಲ್ಲಿ ಒಡೆದವುಗಳ ಪಟ್ಟಿಯನ್ನು ಸ್ಥಳಾಭಾವದಿಂದ ಕೊಟ್ಟಿಲ್ಲ.

ಕಡ್ಡಿಗಳ ನಂಬರಿನಲ್ಲೂ ಬಾಡಿಗೆ ಮನೆಯ ತತ್ತ್ವವಿದೆ. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಕ್ರಮದಲ್ಲಿ 8ನೇ ನಂಬರು 4 ಮಿಲಿಮೀಟರ್ ದಪ್ಪ, 10ನೆಯದು 3.25, 14ನೆಯದು ಬರೀ 2. ಸಂಖ್ಯೆ ಏರಿದಂತೆ ವಸ್ತು ಸಣ್ಣಗಾಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆಗೂ ಕೋಣೆಗೂ ಇರುವ ಸಂಬಂಧ ಇದೇ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: "ಸಂಕಟದಲ್ಲಿ ಮನಸ್ಸನ್ನು ಹಿಡಿದಿಡಲು ಕಷ್ಟದ ಕೆಲಸವೇ ಬೇಕಲ್ಲವೇ? ಐರ್ಲೆಂಡಿನ ಆರನ್ ದ್ವೀಪಗಳ ಸ್ವೆಟರಿನಂತೆ ಹುರಿಹುರಿಯಾದ ಜಡೆ ಹೆಣಿಗೆ ಯಾಕೆ ಬೇಡ?" ಉತ್ತರ ಪ್ರತ್ಯಕ್ಷ ಪ್ರಮಾಣದಿಂದ ಬಂದಿದೆ. ಕಳೆದ ಸಲದ ಸಾಗಣೆಯಲ್ಲಿ ನನ್ನ ಹೆಂಡತಿ ಜಡೆಯನ್ನೇ ಹಿಡಿದಿದ್ದಳು. ಅವಳು "ಎರಡು ಸೀದಾ, ಎರಡು ಉಲ್ಟಾ" ಎನ್ನುತ್ತಿದ್ದಾಗ ಹಮಾಲಿ ಹುಡುಗ "ಹದಿನೇಳು, ಹದಿನೆಂಟು" ಎಂದು ಪೆಟ್ಟಿಗೆ ಎಣಿಸುತ್ತಿದ್ದ. ಕೊನೆಗೆ ಟೆಂಪೋದಲ್ಲಿ ಎರಡು ಪೆಟ್ಟಿಗೆ ಕಡಿಮೆ, ಸ್ವೆಟರಿನಲ್ಲಿ ಎರಡು ತೋಳು ಜಾಸ್ತಿ. ಬರೀ ಸೀದಾ ಹೆಣಿಗೆಗೆ ಎಣಿಕೆಯೇ ಬೇಡ. ಎರಡೂ ಮಗ್ಗುಲು ಒಂದೇ ಥರ ಕಾಣುವುದರಿಂದ ಅದಕ್ಕೆ ಉಲ್ಟಾ ಎಂಬುದೇ ಇಲ್ಲ. ಮಿಕ್ಕೆಲ್ಲವೂ ಉಲ್ಟಾ ಆಗಿರುವ ದಿನ ಇದು ಸಣ್ಣ ಮಾತಲ್ಲ.

ಉದಾಹರಣೆಗೆ ಹೊರದೇಶಕ್ಕೆ ಹೋಗಬೇಕು. ಫ್ರಾನ್ಸಿನ ಲಾಂಡ್ ಸೀಮೆಯ ಜೌಗು ನೆಲದಲ್ಲಿ ಹತ್ತೊಂಬತ್ತನೆಯ ಶತಮಾನದ ಕುರುಬರು ಮರಗಾಲು ಕಟ್ಟಿಕೊಂಡು, ಆಳೆತ್ತರದಲ್ಲಿ ನಿಂತು ಹೆಣೆಯುತ್ತಿದ್ದರು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹೆಂಗಸರು ಒಲೆಗೆ ಹಾಕುವ ಜೌಗುಮಣ್ಣಿನ ಬುಟ್ಟಿಯನ್ನು ಬೆನ್ನಿಗೆ ಹೊತ್ತು ನಡೆಯುತ್ತಲೇ ಹೆಣೆದರು. ಭಾರ ಬೆನ್ನಿಗೆ, ಕಡ್ಡಿ ಕೈಗೆ. ನಮ್ಮ ಮನೆಯಲ್ಲಿ ಈ ವಿಭಜನೆ ಇನ್ನೂ ಶುದ್ಧವಾಗಿದೆ: ಭಾರ ನನಗೆ, ಕಡ್ಡಿ ಅವಳಿಗೆ.

ಡಿಕನ್ಸ್ 1859ರಲ್ಲಿ ಬರೆದ 'ಎ ಟೇಲ್ ಆಫ್ ಟು ಸಿಟೀಸ್' ಕಾದಂಬರಿಯ ಮೇಡಂ ಡಿಫಾರ್ಜ್‌ಳನ್ನು ಮರೆಯುವಂತಿಲ್ಲ. ಆಕೆ ಕೊಲ್ಲಿಸಬೇಕಾದವರ ಹೆಸರುಗಳನ್ನು ಹೆಣಿಗೆಯಲ್ಲೇ ದಾಖಲಿಸುತ್ತಿದ್ದಳು. ಹಳೆಯ ಮನೆಯ ಮಾಲೀಕರು ಅಡ್ವಾನ್ಸ್ ವಾಪಸು ಕೊಡಲು ಬಂದ ಸಂಜೆ ನನಗೆ ಅದು ನೆನಪಾಯಿತು. ಅವರು ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಆಮೇಲೆ ಗೋಡೆಯ ಮೊಳೆತೂತುಗಳನ್ನು ಬೆರಳಿಟ್ಟು ಎಣಿಸಿದರು, ಹದಿನಾಲ್ಕು. ಹದಿಮೂರು ನಾವು ಬರುವ ಮೊದಲಿನವು. ನನ್ನ ಹೆಂಡತಿ ತಲೆ ಎತ್ತದೆ ಹೆಣೆಯುತ್ತಲೇ ಇದ್ದಳು. ಅವರು ಹೋದ ಮೇಲೆ ಮೆಲ್ಲಗೆ ಕೇಳಿದೆ, "ಹೆಸರು ಬರ್ಕೊಂಡ್ಯಾ?"

"ಇದು ಬರೀ ಸೀದಾ ಹೆಣಿಗೆ ಕಣ್ರೀ. ಹೆಸರೆಲ್ಲ ಹಿಡಿಯಲ್ಲ."

ಇನ್ನು ಉಪನಯ. ಅದಕ್ಕೆ ಮುನ್ನ ನೂಲಿನ ವಿಚಾರ ಒಂದಿಷ್ಟು. ಅಂಗಡಿಯಲ್ಲಿ 'ಉಲ್ಲನ್' ಎಂದು ಕೊಡುವುದರಲ್ಲಿ ಬಹುಪಾಲು ಆಕ್ರಿಲಿಕ್. ಅದನ್ನು ಯಾವ ಕುರಿಯೂ ಕಂಡಿಲ್ಲ. ಬಿಸಿ ತಾಗಿದರೆ ಕರಗಿ ಪಾತ್ರೆಗೇ ಅಂಟಿಕೊಳ್ಳುತ್ತದೆ. ಆದ್ದರಿಂದ ಮಸಿಬಟ್ಟೆಗೆ ಹತ್ತಿನೂಲೇ ಆಗಬೇಕು, ಅವಳು ತಂದದ್ದೂ ಅದನ್ನೇ.

ಹೊಸ ಮನೆಯಲ್ಲಿ ಹಾಲುಕ್ಕಿಸುವ ದಿನ ಸೋಮವಾರ. ಏಳೂವರೆಗೆ ರಾಹುಕಾಲ. ಅಷ್ಟರೊಳಗೆ ಹಾಲನ್ನು ಇಳಿಸಿ ದೇವರ ಮುಂದಿಡಬೇಕೆಂದು ಅಮ್ಮನ ಕಟ್ಟಪ್ಪಣೆ. ಏಳು ಇಪ್ಪತ್ತಕ್ಕೆ ಹಾಲು ನಾಲ್ಕು ದಿಕ್ಕಿಗೂ ನಿಷ್ಪಕ್ಷಪಾತವಾಗಿ ಉಕ್ಕಿತು. ಒಲೆ ಆರಿಸಿದೆ. ಪಾತ್ರೆ ಮುಟ್ಟುವಂತಿಲ್ಲ. ಇಕ್ಕಳ ಯಾವ ಪೆಟ್ಟಿಗೆಯಲ್ಲಿದೆಯೋ! 'ಅಡುಗೆಮನೆ' ಎಂದಿದ್ದುದನ್ನು ಬಿಚ್ಚಿದ್ದಾಯಿತು, ಅದರಲ್ಲಿ ಏನಿತ್ತೆಂದು ಓದುಗರಿಗೆ ಗೊತ್ತೇ ಇದೆ. ಇಡೀ ಮನೆಯಲ್ಲಿ ಬಿಸಿ ಹಿಡಿಯಬಲ್ಲ ಬಟ್ಟೆ ಇದ್ದದ್ದು ಒಂದೇ. ಅದು ಕಿಟಕಿಯ ಪಕ್ಕ ಕೂತವಳ ಕೈಯಲ್ಲಿ, ಕಡ್ಡಿಯ ಮೇಲೆಯೇ ಇತ್ತು.

"ಅದನ್ನೇ ಕೊಡೇ ಮಾರಾಯ್ತಿ, ಹೊತ್ತಾಯ್ತು," ಎಂದರು ಅಮ್ಮ.

ಅವಳು ಗಡಿಯಾರ ನೋಡಿದಳು. ಏಳು ಇಪ್ಪತ್ತೈದು.

"ಬಂದೆ ಅತ್ತೆ, ಇನ್ನೊಂದೇ ಸಾಲು. ನಲವತ್ತು ಮನೆ, ಅಷ್ಟೇ."